ಕಾಳಜಿ ಕೇಂದ್ರದಲ್ಲಿ ಎಷ್ಟು ಜನ? ಎರಡು ಗಂಟೆಯಲ್ಲಿ ಅಂದಾಜು ಹಾಕುವ ಬಗೆ

ಹೊಳೆ ಏರಿದ ರಾತ್ರಿ, ಮನೆ ಬಿಟ್ಟವರು ತಂಗುವ ಕಾಳಜಿ ಕೇಂದ್ರಕ್ಕೆ ಬರುವ ಪ್ರತಿ ಫೋನಿನಲ್ಲೂ ಅದೇ ಪ್ರಶ್ನೆ. "ಎಷ್ಟು ಜನ ಇದ್ದಾರೆ?" ಅಡುಗೆಯವರು ಅಕ್ಕಿ ಅಳೆಯಬೇಕು. ಟ್ಯಾಂಕರ್‌ನವರಿಗೆ ಎಷ್ಟು ಟ್ರಿಪ್ ಎಂದು ಹೇಳಬೇಕು. ಓಆರ್‌ಎಸ್ ಪೊಟ್ಟಣ, ಹೊದಿಕೆ, ಹಾಲು ಎಲ್ಲದಕ್ಕೂ ಒಂದು ಸಂಖ್ಯೆ ಬೇಕು. ಪಟ್ಟಿ ಪೂರ್ತಿ ಆಗುವವರೆಗೆ ಇವು ಯಾವುವೂ ಕಾಯುವುದಿಲ್ಲ.

2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿದಾಗ ನಾನು ಹೊನ್ನಾಳಿ ಕಡೆಯ ಒಂದು ಕೇಂದ್ರದಲ್ಲಿ ಸ್ವಯಂಸೇವಕನಾಗಿದ್ದೆ. ಅಲ್ಲಿ ಹೆಸರು, ಆಧಾರ್ ನಂಬರ್, ಮನೆ ನಂಬರ್ ಎಲ್ಲ ಬರೆದುಕೊಂಡು ಪಟ್ಟಿ ಮಾಡುತ್ತಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು, ಆದರೆ ನಿಧಾನ. ರಾತ್ರಿ ಹತ್ತಕ್ಕೆ ಪಟ್ಟಿಯಲ್ಲಿ ಇದ್ದಷ್ಟೇ ಹೆಸರಿಗೆ ಹಾಲು ಹೇಳಿದರು. ಬೆಳಗ್ಗೆ ಹಾಲು ಅರ್ಧ ಸಾಲಿಗೇ ಮುಗಿಯಿತು. ಕೂಸು ಎತ್ತಿಕೊಂಡು ಹಿಂದೆ ನಿಂತಿದ್ದ ತಾಯಂದಿರು ಖಾಲಿ ಲೋಟ ಹಿಡಿದು ಹಾಗೇ ವಾಪಸ್ ಹೋದರು. ಅಲ್ಲಿ ಯಾರೂ ಸೋಮಾರಿಗಳಾಗಿರಲಿಲ್ಲ. ಪಟ್ಟಿ ಬೇರೆ, ಅಂದಾಜು ಬೇರೆ ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಪಟ್ಟಿ ಪರಿಹಾರಕ್ಕೆ ಬೇಕು, ದಾಖಲೆಗೆ ಬೇಕು. ಅದು ಎರಡು ಮೂರು ದಿನ ತೆಗೆದುಕೊಂಡರೂ ನಡೆಯುತ್ತದೆ. ಅಂದಾಜು ಇವತ್ತಿನ ಊಟಕ್ಕೆ, ನೀರಿಗೆ, ಶೌಚಾಲಯಕ್ಕೆ. ಅದು ಎರಡು ಗಂಟೆಯೊಳಗೆ ಕೈಗೆ ಬರಬೇಕು. ನೂರಕ್ಕೆ ಹತ್ತು ಹೆಚ್ಚು ಕಡಿಮೆ ಆದರೂ ಪರವಾಗಿಲ್ಲ. ಈ ಬರಹ ಅಂದಾಜಿನ ಬಗ್ಗೆ ಮಾತ್ರ.

ಯಾರನ್ನು ಎಣಿಸುತ್ತೀರಿ?

ಎಣಿಕೆ ಕೆಡುವುದು ಮುಕ್ಕಾಲು ಪಾಲು ಇಲ್ಲೇ. "ಎಷ್ಟು ಜನ ಇದ್ದೀರಿ?" ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಹೇಳುತ್ತಾರೆ. ಕೆಲವರು ರೇಷನ್ ಕಾರ್ಡಿನಲ್ಲಿ ಇರುವಷ್ಟು ಹೇಳುತ್ತಾರೆ. ಕೆಲವರು ಮನೆಯವರನ್ನೆಲ್ಲ ಸೇರಿಸುತ್ತಾರೆ, ಬೆಂಗಳೂರಿಗೆ ದುಡಿಯಲು ಹೋದ ಮಗನನ್ನೂ ಬಿಡುವುದಿಲ್ಲ. ಇನ್ನು ಕೆಲವರು ಆ ಹೊತ್ತಿಗೆ ಚಾಪೆ ಮೇಲೆ ಕೂತವರನ್ನಷ್ಟೇ ಲೆಕ್ಕ ಹಿಡಿಯುತ್ತಾರೆ.

ಆ ಕೇಂದ್ರದಲ್ಲಿ ಒಬ್ಬ ಅಜ್ಜಿ ಎರಡು ಕಂಬದ ನಡುವೆ ಸೀರೆ ಕಟ್ಟಿ ಮರೆ ಮಾಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಚಿಮಣಿ ದೀಪ ಇಟ್ಟಿದ್ದರು. ಕೇಳಿದೆ. "ಐದು ಮಂದಿ ಅದೀವಪ್ಪ" ಅಂದರು. ಐದು ಎಂದು ಬರೆದುಕೊಂಡೆ. ಏಳುವಾಗ ಬಟ್ಟೆ ಗಂಟಿನ ಪಕ್ಕ ಏನೋ ಅಲ್ಲಾಡಿತು. ಟವೆಲ್ಲು ಸುತ್ತಿದ ಮೂರು ತಿಂಗಳ ಕೂಸು. "ಅದನ್ನೂ ಬರೀಬೇಕಾ ತಮ್ಮಾ? ಅದಕ್ಕೇನು ಊಟ ಕೊಡ್ತೀರಿ?" ಎಂದು ಅಜ್ಜಿ ಕೇಳಿದರು. ಅವರ ಹಿರಿ ಮಗನೂ ಆ ಐದರಲ್ಲಿದ್ದ. ಆದರೆ ಅವನು ಕತ್ತಲಾದ ಮೇಲೆ ಎಮ್ಮೆ ಕಾಯಲು ಮನೆ ಕಡೆ ಹೋಗಿದ್ದ. ಅಲ್ಲೇ ಮಾಳಿಗೆ ಮೇಲೆ ಮಲಗುತ್ತಿದ್ದ. ಊಟಕ್ಕೆ ಮಾತ್ರ ಬರುತ್ತಿದ್ದ.

ಒಂದೇ ಮನೆಯಲ್ಲಿ ಎರಡು ತಪ್ಪು. ಒಟ್ಟು ಐದೇ ಬಂತು ನಿಜ. ಆದರೆ ಹಾಲು ಬೇಕಾದ ಕೂಸು ಲೆಕ್ಕದಿಂದಲೇ ಬಿಟ್ಟುಹೋಗಿತ್ತು.

ಆಮೇಲಿಂದ ನಾನು ಕೇಳುವ ಪ್ರಶ್ನೆಯನ್ನೇ ಬದಲಿಸಿಕೊಂಡೆ. "ನಿನ್ನೆ ರಾತ್ರಿ ಈ ಜಾಗದಲ್ಲಿ ಯಾರ್ಯಾರು ಮಲಗಿದ್ರಿ? ಕೂಸು-ಕುನ್ನಿ ಎಲ್ಲ ಸೇರಿಸಿ ಹೇಳಿ." ಮೊದಲ ರಾತ್ರಿಯಾದರೆ "ಇವತ್ತು ರಾತ್ರಿ ಯಾರ್ಯಾರು ಮಲಗ್ತೀರಿ?" ಎಂದು ಕೇಳಿ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: "ಊಟಕ್ಕೆ ಮಾತ್ರ ಬಂದು ಹೋಗುವವರು ಎಷ್ಟು ಜನ?" ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಜಾಗ, ಹೊದಿಕೆ, ರಾತ್ರಿಯ ಶೌಚಾಲಯ ಇವಕ್ಕೆ ಮಲಗಿದವರ ಲೆಕ್ಕ. ಅಕ್ಕಿ ಬೇಳೆಗೆ ಎರಡನ್ನೂ ಕೂಡಿಸಿದ ಲೆಕ್ಕ.

ಹೊರಡುವ ಮುಂಚೆ

ಎಣಿಸಲು ಸರಿಯಾದ ಹೊತ್ತು ಎರಡೇ. ರಾತ್ರಿ ಊಟ ಮುಗಿದು ದೀಪ ಆರಿಸುವ ಮುಂಚೆ, ಇಲ್ಲವೇ ಬೆಳಗ್ಗೆ ಐದೂವರೆ ಸುಮಾರಿಗೆ. ಹಗಲು ಹತ್ತಕ್ಕೆ ಹೋದರೆ ಗಂಡಸರು ಮನೆ ನೋಡಲು ಹೋಗಿರುತ್ತಾರೆ, ಮಕ್ಕಳು ಹೊಳೆ ನೋಡಲು ಓಡಿರುತ್ತಾರೆ. ಊಟದ ಹೊತ್ತಿಗೆ ಹೋದರೆ ಅಕ್ಕಪಕ್ಕದ ಕೇರಿಯವರೂ ಸಾಲಿನಲ್ಲಿ ಇರುತ್ತಾರೆ.

ಇಬ್ಬರ ಜೋಡಿ ಮಾಡಿ. ಒಬ್ಬರು ಕೇಳುವುದು, ಒಬ್ಬರು ಬರೆಯುವುದು. ಜೋಡಿಯಲ್ಲಿ ಒಬ್ಬರು ಹೆಂಗಸರು ಇರಲೇಬೇಕು. ಬಾಣಂತಿ ಮಲಗಿದ ಕಡೆ, ಸೀರೆ ಮರೆ ಕಟ್ಟಿದ ಕಡೆ ಗಂಡಸರು ಟಾರ್ಚ್ ಹಿಡಿದು ಹೋಗುವುದು ಸರಿಯಲ್ಲ. ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಟೀಚರ್ ಜೊತೆಗಿದ್ದರೆ ಅರ್ಧ ಕೆಲಸ ಮುಗಿದಂತೆ. ಅವರಿಗೆ ಪ್ರತಿ ಮನೆಯ ಕೂಸಿನ ವಯಸ್ಸೂ ಗೊತ್ತು. ಊರಿನ ನೀರುಗಂಟಿಯನ್ನೂ ಕರೆದುಕೊಳ್ಳಿ, ಯಾವ ಕೇರಿಯವರು ಎಲ್ಲಿ ಸೇರಿದ್ದಾರೆ ಎಂದು ಅವರು ಹೇಳುತ್ತಾರೆ.

ಸಾಮಾನು ಜಾಸ್ತಿ ಬೇಡ. ನೋಟ್‌ಬುಕ್ಕು, ಪೆನ್ಸಿಲ್ಲು, ಸೀಮೆಸುಣ್ಣ, ಟಾರ್ಚು. ಪೆನ್ ಬೇಡ, ಮಳೆಯಲ್ಲಿ ಶಾಯಿ ಕದಡುತ್ತದೆ. ಮೊಬೈಲ್ ಆ್ಯಪ್ ನಂಬಿ ಹೊರಡಬೇಡಿ. ಕರೆಂಟ್ ಹೋದ ಮೇಲೆ ಚಾರ್ಜ್ ಉಳಿಯುವುದು ಕಷ್ಟ, ಉಳಿದದ್ದು ಫೋನ್ ಮಾಡಲು ಬೇಕಾಗುತ್ತದೆ.

ಜನರಿಗೆ ಒಂದು ಮಾತು ಮೊದಲೇ ಹೇಳಿ: "ಇದು ಪರಿಹಾರದ ಪಟ್ಟಿ ಅಲ್ಲ. ಊಟ, ನೀರಿನ ಲೆಕ್ಕ. ಹೆಸರು ಬರೆಯಲ್ಲ." ಇದನ್ನು ಹೇಳದಿದ್ದರೆ ಒಂದು ಮನೆಯವರು ಮೂರು ಮನೆಯಾಗಿ ಹೇಳಬಹುದು. ಅದು ಅವರ ತಪ್ಪಲ್ಲ. ಮನೆ ಮುಳುಗಿದವರಿಗೆ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗುವ ಭಯ ಇದ್ದೇ ಇರುತ್ತದೆ. ಹೆಸರೇ ಬರೆಯದಿದ್ದರೆ ಆ ಭಯವೂ ಇಲ್ಲ, ನಿಮಗೂ ಬೇಗ ಆಗುತ್ತದೆ.

ಕಟ್ಟಡದೊಳಗಿನ ಕೇಂದ್ರ: ಜಾಗ ಎಣಿಸಿ, ತಲೆ ಎಣಿಸಿ

ನಮ್ಮ ಕಡೆ ಕೇಂದ್ರ ಅಂದರೆ ಹೆಚ್ಚಾಗಿ ಶಾಲೆ, ಸಮುದಾಯ ಭವನ, ಕಲ್ಯಾಣ ಮಂಟಪ, ಎಪಿಎಂಸಿ ಪ್ರಾಂಗಣ. ಹೊನ್ನಾಳಿಯ ಬಾಲರಾಜ್ ಘಾಟ್, ಹರಿಹರದ ಗಂಗಾನಗರದಂಥ ಹೊಳೆ ದಂಡೆಯ ಬೀದಿಗಳಿಗೆ ನೀರು ನುಗ್ಗಿದಾಗ ಜನ ಬರುವುದು ಇಂಥ ಜಾಗಗಳಿಗೇ. ಇನ್ನೂರು ಜನರ ಒಳಗಿದ್ದರೆ ಅಂದಾಜೇ ಬೇಡ, ಪೂರ್ತಿ ಎಣಿಸಿಬಿಡಿ. ಎರಡು ಜೋಡಿಗೆ ಅರ್ಧ ಮುಕ್ಕಾಲು ಗಂಟೆಯ ಕೆಲಸ. ಅದಕ್ಕಿಂತ ಜಾಸ್ತಿ ಇದ್ದರೆ ಹೀಗೆ ಮಾಡಿ.

ಮೊದಲು ಕೇಂದ್ರದ ಸುತ್ತ ಒಂದು ಸುತ್ತು ಹಾಕಿ ಕೈನಕ್ಷೆ ಬರೆಯಿರಿ. ಎಷ್ಟು ಕೋಣೆ, ಎಷ್ಟು ಪಡಸಾಲೆ, ಹಿಂದೆ ಶೆಡ್ ಇದೆಯಾ, ಮೆಟ್ಟಿಲ ಕೆಳಗೆ ಯಾರಾದರೂ ಇದ್ದಾರಾ, ಹೊರಗೆ ನಿಲ್ಲಿಸಿದ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಯಾರಾದರೂ ಮಲಗಿದ್ದಾರಾ ನೋಡಿ. ಟ್ರೇಲರ್ ಮರೆಯಬೇಡಿ. ಮೇಲೆ ಟಾರ್ಪಾಲ್ ಕಟ್ಟಿ ಒಂದೊಂದರಲ್ಲಿ ಎರಡು ಸಂಸಾರ ಮಲಗಿರುತ್ತವೆ.

ಆಮೇಲೆ ಒಂದು ಕಡೆಯಿಂದ ಶುರು ಮಾಡಿ. ಒಂದು ಸಂಸಾರ ಹಾಸಿಕೊಂಡ ಜಾಗಕ್ಕೆ ಒಂದು ನಂಬರ್ ಕೊಡಿ. ಗೋಡೆ ಅಥವಾ ನೆಲದ ಮೇಲೆ ಸೀಮೆಸುಣ್ಣದಲ್ಲಿ 1, 2, 3 ಎಂದು ಬರೆಯುತ್ತಾ ಹೋಗಿ. ತಲೆ ಎಣಿಸುವುದು ಇನ್ನೂ ಬೇಡ, ಜಾಗ ಮಾತ್ರ. ಚಾಪೆ ಇದ್ದು ಜನ ಇಲ್ಲದಿದ್ದರೂ ನಂಬರ್ ಕೊಡಿ.

140 ಜಾಗ ಆಯಿತು ಎಂದಿಟ್ಟುಕೊಳ್ಳಿ. ಎಲ್ಲವನ್ನೂ ಕೇಳುವುದು ಬೇಡ. ಐದಕ್ಕೆ ಒಂದರಂತೆ ಆರಿಸಿಕೊಂಡರೆ 28 ಸಿಗುತ್ತದೆ. ಮೂವತ್ತರ ಆಸುಪಾಸು ಇದ್ದರೆ ಸಾಕು, ಇಪ್ಪತ್ತಕ್ಕಿಂತ ಕಡಿಮೆ ಮಾಡಬೇಡಿ. ಎಲ್ಲಿಂದ ಶುರು? ನಿಮಗೆ ಇಷ್ಟ ಬಂದಲ್ಲಿಂದ ಅಲ್ಲ. ಜೇಬಿನಿಂದ ಒಂದು ನೋಟು ತೆಗೆದು ಅದರ ನಂಬರಿನ ಕೊನೆಯ ಅಂಕಿ ನೋಡಿ. 1ರಿಂದ 5ರೊಳಗೆ ಇದ್ದರೆ ಅದೇ ಶುರುವಿನ ಜಾಗ. ಇಲ್ಲದಿದ್ದರೆ ಇನ್ನೊಂದು ನೋಟು. 3 ಬಂತು ಎನ್ನಿ. 3, 8, 13, 18... ಹೀಗೆ 138ರವರೆಗೆ.

ಆ 28 ಜಾಗದಲ್ಲಿ ಮಾತ್ರ ಕೂತು, ಸಮಾಧಾನವಾಗಿ, ಮೇಲಿನ ಎರಡು ಪ್ರಶ್ನೆ ಕೇಳಿ. ಯಾರೂ ಮಲಗದ ಜಾಗ ಬಂದರೆ ಸೊನ್ನೆ ಎಂದೇ ಬರೆಯಿರಿ. "ಇಲ್ಲಿ ಯಾರೂ ಇಲ್ಲ, ಪಕ್ಕದ್ದು ಕೇಳೋಣ" ಎಂದು ಮುಂದೆ ಹೋದರೆ ಅಂದಾಜು ಸುಮ್ನೆ ಉಬ್ಬಿಬಿಡುತ್ತದೆ. ನಾನು ಕಂಡಂತೆ ಹೊಸಬರು ಜಾಸ್ತಿ ಮಾಡುವ ತಪ್ಪು ಇದೇ.

28 ಜಾಗದಲ್ಲಿ ಒಟ್ಟು 118 ಜನ ಮಲಗಿದ್ದರು ಎನ್ನಿ. 118ನ್ನು 28ರಿಂದ ಭಾಗಿಸಿದರೆ 4.2ರ ಮೇಲೆ ಚೂರು ಬರುತ್ತದೆ. ಅದನ್ನು 140ರಿಂದ ಗುಣಿಸಿ. 590 ಜನ.

ಈ ಸಂಖ್ಯೆ ಎಷ್ಟು ಗಟ್ಟಿ ಎಂದು ನೋಡಲು ಒಂದು ಸುಲಭ ದಾರಿ ಇದೆ. ಮೊದಲ 14 ಜಾಗದ ಮೊತ್ತ ಬೇರೆ ಮಾಡಿ, ಕೊನೆಯ 14ರದ್ದು ಬೇರೆ ಮಾಡಿ. ಮೊದಲರ್ಧ 65, ಎರಡನೆಯ ಅರ್ಧ 53 ಬಂತು ಎಂದರೆ, ಒಂದರ ಪ್ರಕಾರ ಕೇಂದ್ರದಲ್ಲಿ 650, ಇನ್ನೊಂದರ ಪ್ರಕಾರ 530. ಇದು ಸಂಖ್ಯಾಶಾಸ್ತ್ರದ ಪಕ್ಕಾ ಲೆಕ್ಕವಲ್ಲ, ಒರಟು ಲೆಕ್ಕ. ಆದರೂ ಆ ರಾತ್ರಿಗೆ ಸಾಕು. "ಸುಮಾರು 590, 530ರಿಂದ 650ರೊಳಗೆ" ಎಂದು ಹೇಳಿ. ಎರಡು ಅರ್ಧದ ನಡುವೆ ತೀರಾ ಅಂತರ ಇದ್ದರೆ ಇನ್ನೊಂದು ಹತ್ತು ಹದಿನೈದು ಜಾಗ ಕೇಳಿ.

ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ ಊರುಗಳಲ್ಲಿ ಜನ ಕೇಂದ್ರಕ್ಕೆ ಬಂದಾಗಲೂ ಕೇರಿ ಕೇರಿಯಾಗೇ ಕೂರುತ್ತಾರೆ. ಮುಂದಿನ ಹಾಲ್‌ನಲ್ಲಿ ಒಂದು ಬೀದಿಯವರು, ಹಿಂದಿನ ಶೆಡ್‌ನಲ್ಲಿ ಇನ್ನೊಂದು ಕಾಲೋನಿಯವರು. ಮುಂದಿನ ಹಾಲ್ ಮಾತ್ರ ನೋಡಿ ಸರಾಸರಿ ಹಾಕಿದರೆ ಹಿಂದಿನವರು ಲೆಕ್ಕದಲ್ಲೇ ಇರುವುದಿಲ್ಲ, ಆಮೇಲೆ ಊಟದಲ್ಲೂ ಇರುವುದಿಲ್ಲ. ಐದಕ್ಕೆ ಒಂದು ಎಂಬ ನಿಯಮವನ್ನು ಹಠ ಹಿಡಿದು ಪಾಲಿಸುವುದು ಇದಕ್ಕೇ. ಅದು ಎಲ್ಲ ಕೋಣೆಗೂ ನಿಮ್ಮನ್ನು ಕರೆದುಕೊಂಡು ಹೋಗುತ್ತದೆ. ಇದರ ಜೊತೆಗೆ, ಮುಳುಗಿದ ಬೀದಿಗಳ ಹೆಸರು ಬರೆದುಕೊಂಡು "ಯಾವ ಕೇರಿಯವರು ಇಲ್ಲಿ ಕಾಣ್ತಿಲ್ಲ?" ಎಂದು ನಾಲ್ಕು ಜನರನ್ನು ಬೇರೆ ಬೇರೆಯಾಗಿ ಕೇಳಿ.

ಬಯಲಿನಲ್ಲಿ ಗುಡಿಸಲು, ಟಾರ್ಪಾಲು ಇದ್ದರೆ: ಗುಂಟೆ ಲೆಕ್ಕ

ಬಯಲಿನಲ್ಲಿ, ಗೋಮಾಳದಲ್ಲಿ ಜನ ಹೇಗೆ ಬೇಕೋ ಹಾಗೆ ಟಾರ್ಪಾಲ್ ಕಟ್ಟಿಕೊಂಡಿದ್ದರೆ ನಂಬರ್ ಕೊಡುತ್ತಾ ಹೋಗುವುದು ಕಷ್ಟ. ಸಾಲು ಇರುವುದಿಲ್ಲ, ಒಂದು ಸುತ್ತು ಬರುವಷ್ಟರಲ್ಲಿ ಇನ್ನಷ್ಟು ಎದ್ದಿರುತ್ತವೆ. ದೊಡ್ಡ ನಿರಾಶ್ರಿತರ ಶಿಬಿರಗಳಲ್ಲಿ ಇದಕ್ಕೆ ಚೌಕದ ವಿಧಾನ ಬಳಸುತ್ತಾರೆ. ಒಟ್ಟು ಜಾಗ ಅಳೆದು, ಅದರಲ್ಲಿ ಕೆಲವು ಚೌಕ ಆರಿಸಿ, ಆ ಚೌಕದೊಳಗಿನ ಜನರನ್ನು ಪೂರ್ತಿ ಎಣಿಸಿ, ಸರಾಸರಿಯಿಂದ ಒಟ್ಟು ತೆಗೆಯುವುದು. ಸಾಮಾನ್ಯವಾಗಿ ಚೌಕ 25 ಮೀಟರ್ ಉದ್ದ, 25 ಮೀಟರ್ ಅಗಲ. ಅಂದರೆ 625 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಆರು ಗುಂಟೆಗಿಂತ ಸ್ವಲ್ಪ ಜಾಸ್ತಿ. 33 ಅಡಿ ಉದ್ದಗಲ ಒಂದು ಗುಂಟೆ, 40 ಗುಂಟೆ ಒಂದು ಎಕರೆ ಎಂದು ಗೊತ್ತಿರುವ ಯಾವ ರೈತನೂ ಇದನ್ನು ಮಾಡಬಲ್ಲ.

ಒಟ್ಟು ವಿಸ್ತೀರ್ಣ ಹೇಗೆ ಸಿಗುತ್ತದೆ? ಸಿಗ್ನಲ್ ಇದ್ದರೆ ಗೂಗಲ್ ಅರ್ಥ್‌ನಲ್ಲಿ ಸುತ್ತ ಗೆರೆ ಎಳೆದು ಅಳೆಯಬಹುದು. ಅಲ್ಲಿ ಕಾಣುವುದು ಹಳೆಯ ಚಿತ್ರ, ಟಾರ್ಪಾಲು ಕಾಣುವುದಿಲ್ಲ. ಹೊಲದ ಬದು, ರಸ್ತೆ ಕಂಡರೆ ಸಾಕು. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ, ಪಹಣಿಯಲ್ಲಿ ಅದರ ಎಕರೆ-ಗುಂಟೆ ಇರುತ್ತದೆ. ಸರ್ವೆ ನಂಬರಿನ ಅರ್ಧ ಭಾಗದಲ್ಲಷ್ಟೇ ಜನ ಇದ್ದರೆ ಅರ್ಧವನ್ನೇ ತೆಗೆದುಕೊಳ್ಳಿ. ಯಾವುದೂ ಇಲ್ಲದಿದ್ದರೆ ಹೆಜ್ಜೆ ಎಣಿಸಿ. ಮೊದಲು 25 ಮೀಟರ್ ಹಗ್ಗದ ಪಕ್ಕ ನಡೆದು ನಿಮ್ಮ ಹೆಜ್ಜೆ ಎಷ್ಟಾಗುತ್ತದೆ ಎಂದು ತಿಳಿದುಕೊಂಡಿರಿ.

10 ಎಕರೆ ಬಂತು ಎನ್ನಿ. ಅದು ಸುಮಾರು 40,470 ಚದರ ಮೀಟರ್. 625ರಿಂದ ಭಾಗಿಸಿದರೆ ಹತ್ತಿರ ಹತ್ತಿರ 65 ಚೌಕ. ಕೈನಕ್ಷೆಯಲ್ಲಿ 65 ಮನೆ ಹಾಕಿ ನಂಬರ್ ಬರೆಯಿರಿ. 65 ಚೀಟಿ ಮಾಡಿ, ಚೀಲದಲ್ಲಿ ಕಲಸಿ, ಒಂದು ಮಗುವಿನ ಕೈಯಲ್ಲಿ 15 ಎತ್ತಿಸಿ. ಖಾಲಿ ಜಾಗದ ಚೌಕ ಬಂದರೂ ಬದಲಿಸಬೇಡಿ. ಅದೂ ಸೊನ್ನೆಯಾಗಿ ಲೆಕ್ಕಕ್ಕೆ ಬರಬೇಕು.

ಪ್ರತಿ ಚೌಕಕ್ಕೆ ಹೋಗಿ ಹಗ್ಗ ಎಳೆಯಿರಿ. ಮೂಲೆ ನೇರ ಮಾಡಲು ಗಾರೆ ಮೇಸ್ತ್ರಿಗಳು ಪಾಯ ತೆಗೆಯುವಾಗ ಬಳಸುವ 3-4-5 ಅಳತೆ (ಬದಿಗಳು 3, 4, 5 ಅಡಿ ಇರುವ ತ್ರಿಕೋನ) ಸಾಕು. ಗೆರೆಯ ಮೇಲೇ ಕೂತ ಗುಡಿಸಲು ಒಳಗೋ ಹೊರಗೋ ಎಂಬ ಜಗಳ ಬರುತ್ತದೆ. ಬಾಗಿಲು ಒಳಗಿದ್ದರೆ ಒಳಗೆ, ಹೊರಗಿದ್ದರೆ ಹೊರಗೆ. ಈ ನಿಯಮವನ್ನು ಶುರುವಿನಲ್ಲೇ ಮಾಡಿಕೊಳ್ಳಿ, ನಡುವೆ ಬದಲಿಸಬೇಡಿ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಹದಿನೈದು ಚೌಕದಲ್ಲಿ ಹೀಗೆ ಬಂತು ಎನ್ನಿ: 31, 18, 42, 0, 27, 35, 22, 51, 12, 38, 29, 44, 9, 33, 29. ಒಟ್ಟು 420. ಒಂದು ಚೌಕಕ್ಕೆ ಸರಾಸರಿ 28. 28ನ್ನು 65ರಿಂದ ಗುಣಿಸಿದರೆ ಸುಮಾರು 1,800 ಜನ. ಆದರೆ ಚೌಕದಿಂದ ಚೌಕಕ್ಕೆ ಎಷ್ಟು ಏರುಪೇರು ನೋಡಿ, ಒಂದರಲ್ಲಿ ಸೊನ್ನೆ, ಒಂದರಲ್ಲಿ 51. ಲೆಕ್ಕ ಬಲ್ಲವರು ಇದರ ವ್ಯಾಪ್ತಿ, ಅಂದರೆ ನಿಜ ಸಂಖ್ಯೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬುದನ್ನು ತೆಗೆದರೆ ಸುಮಾರು 1,350ರಿಂದ 2,280 ಬರುತ್ತದೆ. ಅಗಲ ಜಾಸ್ತಿ ಆಯ್ತು ಅನ್ನಿಸುತ್ತದೆ ಅಲ್ವಾ? ಬಯಲಿನಲ್ಲಿ ಹಾಗೇ. ಇನ್ನೂ ಹತ್ತು ಚೌಕ ಎಣಿಸಿದರೆ ಅಗಲ ಕಡಿಮೆಯಾಗುತ್ತದೆ. ಮೊದಲ ದಿನ ಹದಿನೈದು ಸಾಕು. ದಟ್ಟವಾಗಿರುವ ಭಾಗ, ವಿರಳವಾಗಿರುವ ಭಾಗ ಕಣ್ಣಿಗೇ ಕಾಣುತ್ತಿದ್ದರೆ ಎರಡನ್ನೂ ಬೇರೆ ಮಾಡಿ, ಎರಡಕ್ಕೂ ಬೇರೆ ಲೆಕ್ಕ ಹಾಕಿ, ಕೊನೆಗೆ ಕೂಡಿಸಿ. ಇದರಿಂದ ಅಂದಾಜು ತುಂಬಾ ಸುಧಾರಿಸುತ್ತದೆ.

ಚದುರಿದ ಗುಡಿಸಲುಗಳಿಗೆ, ಒಂದು ಗುಡಿಸಲಿನಿಂದ ಹತ್ತಿರದ ಇನ್ನೊಂದಕ್ಕೆ ಎಷ್ಟು ದೂರ ಎಂದು ಅಳೆಯುವ ಟಿ-ಚೌಕ ವಿಧಾನವೂ ಇದೆ. ಅದಕ್ಕೆ ಸುಮಾರು 60 ಕಡೆ ಅಳತೆ ಬೇಕು, ತರಬೇತಿ ಬೇಕು. ನಮ್ಮ ತಾಲೂಕುಗಳ ಮಟ್ಟಕ್ಕೆ ನಾನು ಅದನ್ನು ಹೇಳುವುದಿಲ್ಲ.

ಜನ ಇನ್ನೂ ಬರುತ್ತಲೇ ಇದ್ದರೆ

ಗೇಟಿನ ಹತ್ತಿರ ಒಬ್ಬರನ್ನು ಕೂರಿಸಿ. ಎಡ ಜೇಬಿನಲ್ಲಿ ಹುಣಸೆ ಬೀಜ. ಒಬ್ಬರು ಒಳಗೆ ಬಂದರೆ ಒಂದು ಬೀಜ ಬಲಗಡೆಯ ಡಬ್ಬಿಗೆ, ಹೊರಗೆ ಹೋದರೆ ಇನ್ನೊಂದು ಡಬ್ಬಿಗೆ. ಕತ್ತಲಲ್ಲಿ, ಮಳೆಯಲ್ಲಿ, ಗಲಾಟೆಯಲ್ಲಿ ಇದು ಗೀಟು ಹಾಕುವುದಕ್ಕಿಂತ ವಾಸಿ. ದಿನವಿಡೀ ಕೂರಲು ಆಗದಿದ್ದರೆ ಪ್ರತಿ ಗಂಟೆಯಲ್ಲಿ ಹದಿನೈದು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿ. ಟ್ರ್ಯಾಕ್ಟರ್ ಬಂದು ಒಂದೇ ಸಲ ನಲವತ್ತು ಜನ ಇಳಿದರೆ ಅದನ್ನು ಗುಣಿಸಬೇಡಿ, ಹಾಗೇ ಬೇರೆ ಬರೆದು ಕೂಡಿಸಿ.

ಹೊನ್ನಾಳಿ ಕಡೆಯವರಿಗೆ ಇನ್ನೊಂದು ಮಾತು. ಶಿವಮೊಗ್ಗದ ಹತ್ತಿರದ ಗಾಜನೂರು ಅಣೆಕಟ್ಟು ಚಿಕ್ಕದು, ಬೇಗ ತುಂಬುತ್ತದೆ. ತುಂಗೆಯ ನೀರು ಮೊದಲು ಬರುತ್ತದೆ. ಆಮೇಲೆ ಭದ್ರಾ ಜಲಾಶಯದಿಂದಲೂ ಬಿಟ್ಟರೆ ಕೂಡ್ಲಿಯಲ್ಲಿ ಎರಡೂ ಸೇರಿ ಹೊಳೆ ಮತ್ತೆ ಏರುತ್ತದೆ. ಹಾಗಾಗಿ ಜನ ಬರುವುದೂ ಎರಡು ಅಲೆಯಲ್ಲಿ. ಮೊದಲ ಅಲೆ ಎಣಿಸಿದ ಲೆಕ್ಕವನ್ನೇ ಹಿಡಿದು ಕೂರಬೇಡಿ.

ಬಂದ ಸಂಖ್ಯೆಯನ್ನು ಒರೆಗೆ ಹಚ್ಚುವುದು

ಒಂದೇ ದಾರಿಯ ಲೆಕ್ಕ ನಂಬಬೇಡಿ. ಬೇರೆ ದಾರಿಯಿಂದಲೂ ಅದೇ ಸುತ್ತಮುತ್ತ ಬರುತ್ತದಾ ನೋಡಿ.

ಅಂಗನವಾಡಿ ಟೀಚರ್ ಹತ್ತಿರ ಕೇಂದ್ರದಲ್ಲಿರುವ ಆರು ವರ್ಷದವರೆಗಿನ ಮಕ್ಕಳ ಲೆಕ್ಕ ಬೇಗ ಸಿಗುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ 6.11 ಕೋಟಿ ಜನರಲ್ಲಿ ಈ ವಯಸ್ಸಿನವರು ಸುಮಾರು 71.6 ಲಕ್ಷ. ಅಂದರೆ ನೂರಕ್ಕೆ 11.7. ಟೀಚರ್ 70 ಮಕ್ಕಳು ಎಂದರೆ, 70ನ್ನು 0.117ರಿಂದ ಭಾಗಿಸಿ. ಸುಮಾರು 598. ನಮ್ಮ 590ಕ್ಕೆ ಹತ್ತಿರ ಇದೆ. ಆದರೆ ಇದನ್ನೇ ಮುಖ್ಯ ಲೆಕ್ಕ ಮಾಡಿಕೊಳ್ಳಬೇಡಿ. ಆಗಿನಿಂದ ಈಗಿನವರೆಗೆ ಮನೆಗಳಲ್ಲಿ ಮಕ್ಕಳು ಕಡಿಮೆಯಾಗಿದ್ದಾರೆ. ಇತ್ತ ಕೇಂದ್ರದಲ್ಲಿ ಗಂಡಸರು ಕಡಿಮೆ ಇದ್ದು ಮಕ್ಕಳ ಪಾಲು ಜಾಸ್ತಿ ಇರಬಹುದು.

ಅದೇ ರೀತಿ 2011ರ ಜಿಲ್ಲಾ ಅಂಕಿಗಳನ್ನು ನೇರವಾಗಿ ಬಳಸಬೇಡಿ. ಆಗ ದಾವಣಗೆರೆ ಜಿಲ್ಲೆಯ ಲೆಕ್ಕದಲ್ಲಿ ಹರಪನಹಳ್ಳಿಯೂ ಇತ್ತು, ನ್ಯಾಮತಿ ತಾಲೂಕು ಇನ್ನೂ ಆಗಿರಲಿಲ್ಲ. "ಮನೆಗೆ ಇಷ್ಟು ಜನ" ಎಂಬ ಹಳೆಯ ಸರಾಸರಿಗಿಂತ ಈ ರಾತ್ರಿ ನೀವೇ 28 ಜಾಗದಲ್ಲಿ ಕೇಳಿದ್ದು ಸಾವಿರ ಪಾಲು ಮೇಲು. ತಾಂಡಾಗಳಲ್ಲಂತೂ ಅರ್ಧ ಊರು ಕಾಫಿ ತೋಟಕ್ಕೋ ಕಬ್ಬು ಕಡಿಯಲೋ ಹೋಗಿರುವ ತಿಂಗಳುಗಳಿವೆ.

ಅಡುಗೆಯವರನ್ನು ಕೇಳಿ. ಅಕ್ಷರ ದಾಸೋಹದ ಅಡುಗೆಯವರಿಗೆ ಈ ಲೆಕ್ಕ ಕೈಯಲ್ಲೇ ಇದೆ. ಬಿಸಿಯೂಟದಲ್ಲಿ ಚಿಕ್ಕ ಮಕ್ಕಳಿಗೆ ತಲೆಗೆ 100 ಗ್ರಾಂ, ಆರರಿಂದ ಎಂಟನೆಯವರಿಗೆ 150 ಗ್ರಾಂ ಧಾನ್ಯದ ಅಳತೆ. ಎಷ್ಟು ಕಿಲೋ ಅಕ್ಕಿ ಹಾಕಿದಿರಿ, ಮಿಕ್ಕಿತಾ, ಸಾಲದೆ ಬಂತಾ ಎಂದು ಕೇಳಿದರೆ ನಿಮ್ಮ ಸಂಖ್ಯೆ ಎಲ್ಲಿದೆ ಎಂದು ಅವರೇ ಹೇಳಿಬಿಡುತ್ತಾರೆ. ದುಡಿಯುವ ಜನ ಜಾಸ್ತಿ ಉಣ್ಣುತ್ತಾರೆ ಎಂಬುದು ನೆನಪಿರಲಿ.

ಮೂರನೆಯದು ಜಾಗದ ಅಳತೆ. ಪರಿಹಾರ ಕೇಂದ್ರದಲ್ಲಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಸೂರು ಇರಬೇಕು ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಳುತ್ತದೆ. ಅಂದರೆ ಸುಮಾರು 38 ಚದರ ಅಡಿ. 20 ಅಡಿ ಉದ್ದಗಲದ ಒಂದು ತರಗತಿ ಕೋಣೆಗೆ ಹತ್ತೇ ಜನ. ಅಂಥ ಕೋಣೆಯಲ್ಲಿ ಇಪ್ಪತ್ತೈದು ಜನ ಕಾಲು ಮಡಚಿಕೊಂಡು ಮಲಗಿದ್ದನ್ನು ನಾನು ನೋಡಿದ್ದೇನೆ. ಹಾಗಾಗಿ ಜಾಗದಿಂದ ಜನರ ಸಂಖ್ಯೆ ತೆಗೆಯಲು ಹೋಗಬೇಡಿ. ಆದರೆ ನಿಮ್ಮ ಅಂದಾಜಿನ ಪ್ರಕಾರ ಆ ಕೋಣೆಯಲ್ಲಿ ಅರವತ್ತು ಜನ ಎಂದು ಬಂದರೆ ಎಲ್ಲೋ ಎರಡೆರಡು ಸಲ ಎಣಿಸಿದ್ದೀರಿ ಎಂದರ್ಥ.

ಕೇಂದ್ರಕ್ಕೆ ಬಾರದವರು

ಮನೆ ಬಿಟ್ಟವರೆಲ್ಲ ಕೇಂದ್ರಕ್ಕೆ ಬರುವುದಿಲ್ಲ. ಎಷ್ಟೋ ಜನ ತಂಗಿ ಮನೆಗೆ, ಬೀಗರ ಮನೆಗೆ ಹೋಗುತ್ತಾರೆ. ಆ ಮನೆಯ ಅಕ್ಕಿಯೂ ಬೇಗ ಮುಗಿಯುತ್ತದೆ. ಇವರ ಸಂಖ್ಯೆ ಬೇರೆ ಬರೆಯಿರಿ, ಕೇಂದ್ರದ ಸಂಖ್ಯೆಗೆ ಕಲಸಬೇಡಿ. ಆಶಾ ಕಾರ್ಯಕರ್ತೆಯರು ತಮ್ಮ ವ್ಯಾಪ್ತಿಯ ಮೂವತ್ತು ಮನೆ ಆರಿಸಿ "ನಿಮ್ಮನೆಯಲ್ಲಿ ಹೊರಗಿನವರು ಎಷ್ಟು ಜನ ಮಲಗಿದ್ರು?" ಎಂದು ಕೇಳಿದರೆ, ಮೇಲಿನ ವಿಧಾನವೇ ಇಲ್ಲೂ ನಡೆಯುತ್ತದೆ.

ಚಿತ್ರದುರ್ಗ ಜಿಲ್ಲೆಯಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಬರ ಗೊತ್ತು, ನೆರೆ ಅಷ್ಟಾಗಿ ಗೊತ್ತಿಲ್ಲ. ವೇದಾವತಿ ಹೊಳೆಗೆ ಕಟ್ಟಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ಮೇಲೆ. ವೇದಾವತಿ ಒಣಗಿದ್ದನ್ನೇ ನೋಡಿ ಬೆಳೆದವರಿಗೆ ನೀರು ಬಂದಾಗ ಯಾವ ಕೇರಿ ಎಲ್ಲಿಗೆ ಹೋಗಬೇಕು ಎಂಬುದು ರೂಢಿಯಲ್ಲಿ ಇರುವುದಿಲ್ಲ. ಅಂಥ ಕಡೆ ಜನ ಗುಡಿಯಲ್ಲಿ, ಎತ್ತರದ ಕಣದಲ್ಲಿ, ನೆಂಟರ ಮನೆಯಲ್ಲಿ ಚದುರಿಹೋಗುತ್ತಾರೆ. ಕೇಂದ್ರ ಖಾಲಿ ಇದೆ ಎಂದರೆ ತೊಂದರೆ ಇಲ್ಲ ಎಂದಲ್ಲ.

ಸಂಖ್ಯೆಯನ್ನು ಮೇಲಕ್ಕೆ ಕಳಿಸುವುದು

ನೋಡಲ್ ಅಧಿಕಾರಿಗೆ, ತಹಶೀಲ್ದಾರರ ಕಚೇರಿಗೆ ಬರೀ "590" ಎಂದು ಕಳಿಸಬೇಡಿ. ಹೀಗೆ ಬರೆಯಿರಿ: "ಆಗಸ್ಟ್ 9, ರಾತ್ರಿ 10 ಗಂಟೆ. ಮಲಗಿದವರು ಸುಮಾರು 590 (530ರಿಂದ 650). ಊಟಕ್ಕೆ ಮಾತ್ರ ಬರುವವರು ಸುಮಾರು 70. 140 ಜಾಗದಲ್ಲಿ 28 ಕೇಳಿ ಮಾಡಿದ ಅಂದಾಜು." ಇದರ ಕೆಳಗೆ ಹಾಲು ಕುಡಿಯುವ ಕೂಸು, ಬಸುರಿ-ಬಾಣಂತಿ, ನಡೆಯಲಾಗದವರು, ಬಿಪಿ-ಶುಗರ್ ಮಾತ್ರೆ ಬಿಟ್ಟು ಬಂದವರು ಎಷ್ಟು ಎಂದು ಬರೆಯಿರಿ. ಈ ನಾಲ್ಕನ್ನು ಅಂದಾಜು ಮಾಡಬೇಡಿ, ಕೇಂದ್ರವಿಡೀ ಕೇಳಿ ಎಣಿಸಿ.

ವ್ಯಾಪ್ತಿ ಬರೆದರೆ "ನಿಮಗೇ ಸರಿಯಾಗಿ ಗೊತ್ತಿಲ್ಲವಾ?" ಎಂದು ಕೇಳುವವರು ಸಿಗುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. 587 ಎಂದು ಬರೆದರೆ ಪಕ್ಕಾ ಎಣಿಸಿದಂತೆ ಕಾಣುತ್ತದೆ, ಆದರೆ ಅದು ಸುಳ್ಳು ಪಕ್ಕಾತನ.

ಊಟ, ನೀರಿಗೆ ವ್ಯಾಪ್ತಿಯ ಮೇಲಿನ ತುದಿ ಹಿಡಿಯಿರಿ. 650 ಜನಕ್ಕೆ, ಕುಡಿಯಲು ಮಾತ್ರ ದಿನಕ್ಕೆ ತಲೆಗೆ 3 ಲೀಟರ್ ಎಂದರೆ 1,950 ಲೀಟರ್. ಕುಡಿಯುವುದು, ಅಡುಗೆ, ತೊಳೆಯುವುದು ಎಲ್ಲ ಸೇರಿ ತಲೆಗೆ 15 ಲೀಟರ್ ಎಂಬುದು ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡ. ಅದು 9,750 ಲೀಟರ್. 5,000 ಲೀಟರ್‌ನ ಎರಡು ಟ್ಯಾಂಕರ್. ಶೌಚಾಲಯ 30 ಜನಕ್ಕೆ ಒಂದರಂತೆ 590ಕ್ಕೆ 20 ಬೇಕು. ಶಾಲೆಯಲ್ಲಿ ನಾಲ್ಕೇ ಇದ್ದರೆ ಮೊಬೈಲ್ ಶೌಚಾಲಯ ಇವತ್ತೇ ಕೇಳಬೇಕು ಎಂಬುದು ಆಗ ತಾನಾಗೇ ಕಾಣುತ್ತದೆ.

ಈ ಸಂಖ್ಯೆಗೆ ಆಯಸ್ಸು ಒಂದೇ ದಿನ. ಮರುದಿನ ಮತ್ತೆ ಎಣಿಸಿ, ಆದರೆ ಈ ಸಲ ಬೇರೆ ನೋಟು ತೆಗೆದು ಬೇರೆ ಜಾಗದಿಂದ ಶುರು ಮಾಡಿ. ಗೋಡೆಯ ಸೀಮೆಸುಣ್ಣದ ನಂಬರ್ ಅಲ್ಲೇ ಇರುವುದರಿಂದ ಒಂದು ಗಂಟೆಯೂ ಬೇಡ.

ಅಭ್ಯಾಸಕ್ಕೆ ನೆರೆ ಬರುವವರೆಗೆ ಕಾಯಬೇಕಿಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಬಂದವರು ಸುತ್ತಲ ಹೊಲಗಳಲ್ಲಿ ಬಿಡಾರ ಹೂಡುತ್ತಾರಲ್ಲ, ಎನ್‌ಎಸ್‌ಎಸ್ ಹುಡುಗರನ್ನು ಕರೆದುಕೊಂಡು ಹೋಗಿ ಒಂದು ಹೊಲದಲ್ಲಿ ಚೌಕ ಹಾಕಿ ಎಣಿಸಿ. ಆಮೇಲೆ ಅದೇ ಹೊಲವನ್ನು ಪೂರ್ತಿ ಎಣಿಸಿ ಎರಡನ್ನೂ ಹೋಲಿಸಿ. ಎರಡು ವರ್ಷ ಹೀಗೆ ಮಾಡಿದ ಹುಡುಗಿಯೊಬ್ಬಳು ಈಗ ಹೊಲದ ಬದುವಿನ ಮೇಲೆ ನಿಂತು ಒಂದು ಸಲ ಕಣ್ಣಾಡಿಸಿ ಹೇಳುವ ಸಂಖ್ಯೆ, ನಾವು ಹಗ್ಗ ಎಳೆದು ತೆಗೆದ ಸಂಖ್ಯೆಯ ಹತ್ತಿರಕ್ಕೇ ಬರುತ್ತದೆ. ಆದರೂ ಅವಳು ಹಗ್ಗ ತರುವುದನ್ನು ಬಿಟ್ಟಿಲ್ಲ.